ಸಾಹುಕಾರರು ಆರಿಸಿದ ಎತ್ತರದ ಕಾರು

ಹುಬ್ಬಳ್ಳಿಯ ಅರಳೆ ಸಾಹುಕಾರ ಗುರುಶಾಂತಪ್ಪನವರ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರಿಗೆ ವಯಸ್ಸಾಗಿತ್ತು. ಸಾಹುಕಾರರಿಗೂ ಆಗಿತ್ತು, ಆದರೆ ಹಾಗೆಂದು ಯಾರೂ ಹೇಳುವಂತಿರಲಿಲ್ಲ.

“ಮೌಲಾ, ಇದರಕಿಂತ ಜೋರು ಓಡೋ ಕಾರು ಆರಿಸು. ಅದರಾಗ ಕುಂತಾಗ ಯಾರರೆ ನನ್ನ ಮುದುಕ ಅಂದ್ರ, ನಿನ್ನ ಕೆಲಸ ಹೋತು ಅಂತ ತಿಳ್ಕೊ,” ಎಂದು ಡ್ರೈವರನಿಗೆ ಗದರಿದರು.

ಮೌಲಾ ಅವರನ್ನು ಶೋರೂಮಿಗೆ ಕರೆದೊಯ್ದು, ನೆಲಕ್ಕೆ ಅಂಟಿದಂತಿದ್ದ ಕೆಂಪು ಕಾರಿನಲ್ಲಿ ಕೂರಿಸಿದ. ಶೋರೂಮಿನವರೆಲ್ಲ ಸುತ್ತ ಸೇರಿದರು. ಸಾಹುಕಾರರು ಹಿಗ್ಗಿದರು.

“ಈಗ ಇಳೀರಿ,” ಎಂದು ಮೌಲಾ ಕೈಕಟ್ಟಿ ನಿಂತ.

ಹಳೆಯ ಕಾರಿನಿಂದ ಅವರು ಇಳಿಯುವಾಗೆಲ್ಲ ಅವನು ಬಾಗಿ ಕೈ ಚಾಚುತ್ತಿದ್ದ. ಜನ ಅದನ್ನು ಮರ್ಯಾದೆ ಅಂದುಕೊಂಡಿದ್ದರು. ಸಾಹುಕಾರರೂ ಹಾಗೇ ಅಂದುಕೊಂಡಿದ್ದರು. ಇವತ್ತು ಆ ಕೈ ಬರಲಿಲ್ಲ. ಅವರು ಬಾಗಿಲು ಹಿಡಿದರು, ಸೀಟು ಹಿಡಿದರು. ಮೊಣಕಾಲು ಮಾತ್ರ ಏಳಲಿಲ್ಲ.

“ಕೈ ಕೊಡೋ,” ಎಂದು ಪಿಸುಗುಟ್ಟಿದರು.

“ಕೊಡ್ತೀನ್ರಿ. ನಾ ರಜಾ ಹಾಕಿದ ದಿನ ಯಾರು ಕೊಡ್ತಾರ್ರಿ?” ಎಂದು ಮೆಲ್ಲಗೆ ಕೇಳಿದ ಮೌಲಾ, ಬಾಗಿ ಅವರನ್ನು ಎಬ್ಬಿಸಿದ.

ಆಮೇಲೆ ಪಕ್ಕದ ಎತ್ತರದ ಕಾರು ತೋರಿಸಿದ. ಸಾಹುಕಾರರು ಕುರ್ಚಿಯಲ್ಲಿ ಕೂತಂತೆ ಕೂತರು, ಯಾರ ಆಸರೆಯೂ ಇಲ್ಲದೆ ಇಳಿದರು.

“ಇದು ಓಡೂದು ಸ್ವಲ್ಪ ಕಡಿಮಿ ರೀ,” ಎಂದ ಮೌಲಾ.

“ಇಳಿಯೂದು ಜೋರೈತಲ್ಲೋ! ಇದೇ ಇರಲಿ.”

ಮನೆಯ ಗೇಟಿನ ಮುಂದೆ ಕಾರು ನಿಂತಿತು. ಸಾಹುಕಾರರು ಮೌಲಾನ ಭುಜದ ಮೇಲೆ ಕೈಯಿಟ್ಟರು.

“ಇಷ್ಟು ವರ್ಷ ನನ್ನ ಎತ್ತಿ ನಿಲ್ಲಿಸಿದಿ. ಒಬ್ಬರ ಮುಂದೂ ಹೇಳಲಿಲ್ಲ, ನನ್ನ ಮುಂದೂ ಹೇಳಲಿಲ್ಲ. ನಿನ್ನ ಉಪಕಾರ ದೊಡ್ಡದಪಾ.”