ಎತ್ತಿದ ಬಲಗೈ

ಹಾಯಿಹಡಗುಗಳ ಕಾಲದ ಅಮೆರಿಕದಲ್ಲಿ ಜೋಸಾಯ ಎಂಬೊಬ್ಬ ಉಪಾಧ್ಯಕ್ಷನಿದ್ದ. ತಂದೆತಾಯಿಯಿಲ್ಲದ ಅವನನ್ನು ಅಕ್ಕ ಮರ್ಸಿ ಹಡಗಿನ ಹಾಯಿ ಹೊಲಿದು ಓದಿಸಿದ್ದಳು.

ಮರ್ಸಿಯ ಒಬ್ಬನೇ ಮಗ ಕೇಲಬ್ ನೌಕಾಪಡೆಯಲ್ಲಿದ್ದ. ಆಗ ಸಣ್ಣ ತಪ್ಪಿಗೂ ನಾವಿಕರನ್ನು ಕಟ್ಟಿಹಾಕಿ ಚಾಟಿಯಿಂದ ಹೊಡೆಯುತ್ತಿದ್ದರು. ಆ ಶಿಕ್ಷೆಯನ್ನು ನಿಲ್ಲಿಸುವ ಮಸೂದೆ, ಜೋಸಾಯನೇ ನಡೆಸುತ್ತಿದ್ದ ಕಾನೂನು ಮಾಡುವ ಸಭೆಯ ಮುಂದೆ ಬಂದಾಗ ಮರ್ಸಿ ತಮ್ಮನ ಮನೆಗೆ ಬಂದಳು.

"ಕೇಲಬ್‌ನ ಬೆನ್ನಿನಲ್ಲಿ ಇನ್ನು ಜಾಗವಿಲ್ಲ, ತಮ್ಮಾ. ನೀನು ಏನಾದರೂ ಮಾಡು."

ಜೋಸಾಯ ನಕ್ಕ. "ಅಕ್ಕಾ, ನನ್ನದು ಬಾಯಿಗೆ ಬೀಗ ಹಾಕಿದ ಪದವಿ. ಸಭೆ ನಡೆಸುವುದಷ್ಟೇ ನನ್ನ ಕೆಲಸ. ಎರಡೂ ಕಡೆಯ ಮತಗಳು ಸಮವಾದರೆ ಮಾತ್ರ ನನಗೊಂದು ಮತ."

"ಹಾಗಾದರೆ ಆ ದಿನ ಕುರ್ಚಿಯಲ್ಲಿ ಕೂತಿರು. ಸಾಕು."

"ಕೂತಿರುತ್ತೇನೆ. ಮಾತು ಕೊಟ್ಟೆ."

ಮತದಾನದ ದಿನವೇ ಹೆಸರಾಂತ ಚಿತ್ರಕಾರನೊಬ್ಬ ಅವನ ಚಿತ್ರ ಬರೆಯಲು ಬಂದ. ಬಲಗೈ ಎತ್ತಿ ಪ್ರಮಾಣವಚನ ಸ್ವೀಕರಿಸುವ ಭಂಗಿ.

"ಸಭೆಗೆ ಹೊತ್ತಾಯಿತು" ಎಂದು ಕಾರ್ಯದರ್ಶಿ ನೆನಪಿಸಿದ.

"ಮತ ಸಮವಾದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಇವತ್ತೇ ಆಗುತ್ತದೆಯೇ?" ಎಂದ ಜೋಸಾಯ.

"ಕೈ ಸ್ವಲ್ಪ ಮೇಲೆ, ಸ್ವಾಮಿ," ಎಂದ ಚಿತ್ರಕಾರ. "ಬೆಳಕು ಚೆನ್ನಾಗಿದೆ."

ಸ್ವಲ್ಪ ಹೊತ್ತಿನಲ್ಲಿ ಸಭೆಯ ಜವಾನ ಏದುಸಿರು ಬಿಡುತ್ತಾ ಬಂದ. "ಸಮ, ಸ್ವಾಮಿ! ಮತ ಸಮವಾಗಿದೆ!"

ಜೋಸಾಯ ಕೋಟಿನ ಗುಂಡಿ ಹಾಕಿಕೊಳ್ಳದೆ ಓಡಿದ. ಅಷ್ಟರಲ್ಲಿ ಸದಸ್ಯರು ಹೊರಗೆ ಬರುತ್ತಿದ್ದರು. ಮತ ಸಮವಾಗಿ, ಉಪಾಧ್ಯಕ್ಷನೂ ಇಲ್ಲದಿದ್ದರೆ ಮಸೂದೆ ಬಿದ್ದುಹೋಗುತ್ತದೆ. ಅದು ನಿಯಮ. ವಿರೋಧಿ ಸದಸ್ಯನೊಬ್ಬ ಟೋಪಿ ಎತ್ತಿ ಕೇಳಿದ: "ಚಿತ್ರ ಚೆನ್ನಾಗಿ ಬಂತೇ?"

ಆ ಚಳಿಗಾಲದಲ್ಲಿ ಹಗ್ಗ ಕೈಜಾರಿತೆಂದು ಕೇಲಬ್‌ನನ್ನು ಮತ್ತೆ ಹೊಡೆದರು. ಗಾಯ ಕೀವಾಗಿ, ಜ್ವರ ಏರಿ ಅವನು ತೀರಿಕೊಂಡ. ದೇಹವನ್ನು ಸಮುದ್ರಕ್ಕೆ ಬಿಟ್ಟರು. ತಾಯಿಗೆ ಸಿಕ್ಕಿದ್ದು ಅವನ ಟೋಪಿ ಮಾತ್ರ.

ಅದನ್ನು ಹಿಡಿದುಕೊಂಡೇ ಮರ್ಸಿ ತಮ್ಮನ ಮನೆಗೆ ಬಂದಳು. ಗೋಡೆಯ ಮೇಲಿನ ಚಿತ್ರವನ್ನು, ಎತ್ತಿದ ಆ ಬಲಗೈಯನ್ನು ಬಹಳ ಹೊತ್ತು ನೋಡಿದಳು.

"ಇದು ಯಾರಿಗೆ ಕೊಟ್ಟ ಮಾತು, ತಮ್ಮಾ?"

ಅವಳು ಮತ್ತೆಂದೂ ಅವನ ಮನೆಗೆ ಬರಲಿಲ್ಲ. ಅಂದಿನಿಂದ ಅವಧಿ ಮುಗಿಯುವವರೆಗೆ ಜೋಸಾಯ ಒಂದು ದಿನವೂ ಕುರ್ಚಿ ಬಿಟ್ಟು ಏಳಲಿಲ್ಲ. ಮತಗಳು ಮತ್ತೆ ಸಮವಾಗಲೇ ಇಲ್ಲ.

ನೀತಿ: ನಿಮ್ಮ ಕೆಲಸ ಸಣ್ಣದೆಂದು ಅಸಡ್ಡೆ ಮಾಡಬೇಡಿ, ಮಕ್ಕಳೇ. ಅದು ನಿಮ್ಮನ್ನು ಕರೆಯುವುದು ಒಂದೇ ಸಲ ಇರಬಹುದು. ಆಗ ನೀವು ನಿಮ್ಮ ಜಾಗದಲ್ಲಿರಬೇಕು. ಆಮೇಲೆ ಎಷ್ಟು ಓಡಿದರೂ ಅದು ಬರಿಯ ಓಟ.