ಸಣ್ಣ ಬಳೆ

"ಗುರುಗಳೇ, ನನ್ನ ಮಗಳಿಗೆ ಈ ಹುಚ್ಚು ಹಿಡಿಸಿದವರು ಯಾರು?" ಎಂದು ಶಿಷ್ಯೆ ಶೈಲಜಾ ಕೇಳಿದಳು.

ಹದಿನಾರರ ಹುಡುಗಿ, ದಪ್ಪಗಾಗುತ್ತೇನೆಂದು ಊಟ ಬಿಟ್ಟಿದ್ದಳು. ಹಸಿವು ಸಾಯಲೆಂದು ಕದ್ದು ಸಿಗರೇಟು ಸೇದುತ್ತಿದ್ದಳು. ತಾಯಿ ಗದರಿಸಿ ನೋಡಿದ್ದಳು, ಕಾಲು ಹಿಡಿದು ನೋಡಿದ್ದಳು. ಈಗ ಬೇಡಿಕೊಳ್ಳುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ. "ಗೆಳತಿಯರೋ, ಫೋನೋ, ಯಾರ ಕೆಟ್ಟ ಕಣ್ಣೋ, ನೀವೇ ಹೇಳಿ."

ಇಂಥ ತಾಯಂದಿರನ್ನು ಕಂಡು ಕಂಡು ಗುರುಗಳೂ ದಣಿದಿದ್ದರು. ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿಯಿದ್ದ. ಅವನ ಹೆಂಡತಿಗೆ ತನ್ನ ಸಣ್ಣ ಕೈಯದೇ ಹೆಮ್ಮೆ. ಹಬ್ಬಕ್ಕೆ ಬಳೆಗಾರ ಬಂದಾಗ ಓಣಿಯ ಹೆಂಗಸರೆಲ್ಲ ಅವಳ ಜಗಲಿಯಲ್ಲಿ ಸೇರುತ್ತಿದ್ದರು. ಎಲ್ಲರಿಗಿಂತ ಸಣ್ಣ ಬಳೆ ಯಾರ ಕೈಗೆ ಏರುತ್ತದೋ ಅವಳನ್ನು ಹೊಗಳುವುದು ಅಲ್ಲಿಯ ವಾಡಿಕೆ. ಬಳೆಗಾರನೇನು ಕಡಿಮೆಯೇ? ಕೈ ಹಿಂಡಿ ಹಿಂಡಿ ಒಂದಳತೆ ಚಿಕ್ಕದನ್ನೇ ತೊಡಿಸಿ ಎಲ್ಲರನ್ನೂ ಉಬ್ಬಿಸುತ್ತಿದ್ದ. ಒಂದು ವರ್ಷ ವ್ಯಾಪಾರಿಯ ಹೆಂಡತಿಯ ಅಳತೆಯ ಬಳೆ ಅವಳ ಹರೆಯದ ಮಗಳ ಗೆಣ್ಣಿನಲ್ಲಿ ಸಿಕ್ಕಿ ಒಡೆಯಿತು. ಜಗಲಿಯೆಲ್ಲ ನಕ್ಕಿತು. ತಾಯಿಯೂ ನಕ್ಕಳು.

ಅಂದಿನಿಂದ ಹುಡುಗಿ ತನ್ನ ಪಾಲಿನ ರೊಟ್ಟಿಯನ್ನು ಎಮ್ಮೆಗೆ ಹಾಕತೊಡಗಿದಳು. ಹೊಟ್ಟೆ ಚುರುಗುಟ್ಟಿದರೆ ಹಿತ್ತಲಿಗೆ ಹೋಗಿ ಅಜ್ಜನ ಬೀಡಿ ಸೇದುತ್ತಿದ್ದಳು. ಮರುವರ್ಷ ಅದೇ ಅಳತೆಯ ಬಳೆ ಸರಾಗವಾಗಿ ಏರಿತು. "ನೋಡ್ರೇ, ನನ್ನ ಮಗಳ ಕೈ!" ಎಂದು ತಾಯಿ ಓಣಿಗೆಲ್ಲ ತೋರಿಸಿದಳು. ಹುಡುಗಿ ಎಂದೂ ಅಷ್ಟು ಸಂತೋಷಪಟ್ಟಿರಲಿಲ್ಲ.

ಅದರ ಮುಂದಿನ ವರ್ಷ ಯಾವ ಬಳೆಯೂ ಆ ಕೈಯಲ್ಲಿ ನಿಲ್ಲಲಿಲ್ಲ. ತಾಯಿ ಗಾಬರಿಯಾಗಿ, ಇನ್ನೂ ಸಣ್ಣದು ತೆಗೆ ಎಂದಳು.

"ಇನ್ನು ಉಳಿದಿರೋದು ತೊಟ್ಟಿಲ ಮಕ್ಕಳ ಬಳೆ ಅಮ್ಮಾ" ಎಂದು ಬಳೆಗಾರ ತನ್ನ ಬಳೆಗಳನ್ನು ಗಂಟು ಕಟ್ಟಿ ಎದ್ದುಹೋದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ದಣಿವಿನಲ್ಲೂ ಶೈಲಜಾಳಿಗೆ ಸಿಟ್ಟು ಬಂತು.

"ಎಂಥ ತಾಯಿ ಗುರುಗಳೇ ಅವಳು! ಮಗಳು ಒಣಗುತ್ತಿರೋದು ಅವಳ ಕಣ್ಣಿಗೆ ಬೀಳಲಿಲ್ಲವೇ?"

ಗುರುಗಳು ಮೆಲ್ಲಗೆ ಕೇಳಿದರು: "ನಿನ್ನ ಮಗಳು ಮೊದಲ ಸಲ ಸಣ್ಣಗಾದಾಗ ನೀನು ಏನಂದೆ, ತಾಯಿ?"