ಕಣ್ಣಿಲ್ಲದ ಕರು

ರೈಲು ನಿಲ್ದಾಣದ ಗೋಡೆಗೆ ಚಿತ್ರ ಬರೆಯುವ ಕೆಲಸ ಕಾಳಪ್ಪ ಗುರುಗಳಿಗೆ ಬಂದಿತ್ತು. ಅವರಿಗೋ ಮೊಣಕಾಲು ನೋವು, ಏಣಿ ಹತ್ತಲಾರರು. ಹಾಗಾಗಿ ಬರೆಯುವವನು ಶಿಷ್ಯ ಮೌನೇಶ, ಬೆಂಚಿನ ಮೇಲೆ ಕೂತು ಬೈಯುವವರು ಗುರುಗಳು.

ಆಕಳೊಂದು ಕರುವನ್ನು ನೆಕ್ಕುತ್ತಿದೆ, ಕರು ಮುಖ ಎತ್ತಿ ತಾಯಿಯ ಕಡೆ ತಿರುಗಿದೆ. ಇಷ್ಟೇ ಚಿತ್ರ. ಎಲ್ಲ ಮುಗಿದು ಕರುವಿನ ಕಣ್ಣು ಮಾತ್ರ ಬಾಕಿ ಇತ್ತು. ಕಣ್ಣನ್ನು ಕಟ್ಟಕಡೆಗೆ ಬರೆಯುವುದು ಅವರ ಮನೆತನದ ಪದ್ಧತಿ.

ಅವತ್ತು ಬೆಳಿಗ್ಗೆ ಬಂದು ನೋಡಿದರೆ, ಆಕಳ ಗೊರಸಿನ ಮೇಲೆ ಯಾರೋ ಎಲೆ-ಅಡಿಕೆ ಉಗುಳಿ ಹೋಗಿದ್ದರು!

ಮೌನೇಶ ಕುಂಚವನ್ನು ಡಬ್ಬಿಗೆ ಎಸೆದ.

"ಸಾಕ್ರಿ ಗುರುಗಳ. ನಾ ಊರಿಗೆ ಹೊಂಟೆ. ಇನ್ನ ಮ್ಯಾಲ ಕುಂಚ ಮುಟ್ಟಂಗಿಲ್ಲ."

"ಯಾಕೋ?"

"ಯಾರಿಗಂತ ಬರೀಲಿ? ಇಷ್ಟ ಮಂದಿ ಓಡ್ಯಾಡತಾರ, ಒಬ್ಬರರೆ ತಲಿ ಎತ್ತಿ ನೋಡ್ಯಾರೇನು? ಇವರಿಗೆ ಗ್ವಾಡಿ ಇರೋದು ಉಗುಳಾಕ!"

ಪಾಪ, ಅವನ ಹೊಟ್ಟೆ ಉರಿಯದೆ ಇರುತ್ತದೆಯೇ? ಮಳೆಗಾಲವೆಲ್ಲ ಏಣಿಯ ಮೇಲೇ ಕಳೆದಿದ್ದ.

"ಹೋಗುವಂತಿ," ಅಂದರು ಗುರುಗಳು. "ನಿನ್ನ ಗಾಡಿ ಇರೋದು ಸಂಜಿಕೆ. ಅಲ್ಲೀತನಕ ನನ್ನ ಬಾಜೂಕ ಕೂಡು."

"ಅದನ್ನರೆ ಒರಸಲೇನ್ರಿ?"

"ಬ್ಯಾಡ. ಕಣ್ಣೂ ಬರೀಬ್ಯಾಡ. ಸುಮ್ಮನ ಕೂಡಂದ್ರ ಕೂಡು."

ಮುಖ ಊದಿಸಿಕೊಂಡು ಕೂತ.

ಬೆಳಗಿನ ಗಾಡಿ ಬಂತು. ಮಂದಿ ಇಳಿದರು. ಸೊಪ್ಪು ಮಾರುವ ಹೆಂಗಸೊಬ್ಬಳು ಗೋಡೆಯ ಹತ್ತಿರ ಬುಟ್ಟಿ ಇಳಿಸಿ, ಸೊಪ್ಪಿಗೆ ಮುಚ್ಚಿದ್ದ ಹಸಿ ಗೋಣಿಚೀಲ ತೆಗೆದು, ಆಕಳ ಗೊರಸನ್ನು ತಿಕ್ಕತೊಡಗಿದಳು.

"ಉಗುಳಿದವನ ಬಾಯಾಗ ಮಣ್ಣ ಹಾಕ!"

ಕಲೆ ಹೋಯಿತು. ಆಮೇಲೆ ಮೌನೇಶನ ಕಡೆ ತಿರುಗಿದಳು.

"ಏ ತಮ್ಮಾ, ಕರಕ್ಕ ಕಣ್ಣ ಯಾವಾಗ ಬರೀತಿ? ದಿನಾ ಇಳದ ಕೂಡಲೇ ಅದನ್ನ ನೋಡತೀನಿ ನಾ. ತಾಯಿ ಮಾರಿ ಕಾಣವಲ್ದು ಅದಕ್ಕ."

ಮೌನೇಶ ತಬ್ಬಿಬ್ಬಾದ.

ಅಷ್ಟರಲ್ಲಿ ಗಾಡಿ ಹೊರಟಿತು. ಬಾಗಿಲಲ್ಲಿ ನಿಂತಿದ್ದವನೊಬ್ಬ ಊಟದ ಡಬ್ಬಿ ಎತ್ತಿ ಕೂಗಿದ: "ಇವತ್ತರೆ ಕಣ್ಣ ಬರೀರೆಪಾ!"

ಹಾಲ್ ಟಿಕೆಟ್ ಹಿಡಿದ ಹುಡುಗಿಯೊಬ್ಬಳು ಓಡುತ್ತ ಬಂದಳು. ತಡವಾಗಿತ್ತೋ ಏನೋ, ಆದರೂ ನಿಂತಳು. ಆಕಳ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು ಪರೀಕ್ಷೆಗೆ ಓಡಿದಳು. ರೂಢಿಯಾದ ಕೈ ಅದು, ಗೋಡೆ ನೋಡದೆಯೇ ಪಾದದ ಜಾಗ ಅದಕ್ಕೆ ಗೊತ್ತಿತ್ತು.

ಮೌನೇಶನ ಕಣ್ಣು ತುಂಬಿ ಬಂತು. ಸಂಜೆಯ ಗಾಡಿ ಅವನಿಗೆ ಮರೆತೇ ಹೋಯಿತು.

"ಗುರುಗಳ, ಇವರೆಲ್ಲಾ ಮೊದಲಿಂದ ನೋಡಕೋತನ ಇದ್ರೇನ್ರಿ? ಮತ್ತ ನನಗ ಹೆಂಗ ಗೊತ್ತಾಗಲಿಲ್ಲ?"

ಗುರುಗಳು ಡಬ್ಬಿಯಿಂದ ಕುಂಚ ತೆಗೆದರು, ತೊಳೆದರು, ಅವನ ಕೈಯಲ್ಲಿಟ್ಟರು.

"ನೀ ಅವರಿಗೆ ಬೆನ್ನ ಮಾಡಿ ನಿಂತಿದ್ದೆಲ್ಲೋ, ತಮ್ಮಾ."